ಬ್ಯಾಟರಿ ಪುರಾಣ

ಬಳಸಿದರೆ ಸವೆಯುವ ವಸ್ತುಗಳ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ದಿನಾ ಉಟ್ಟರೆ ಇಳಕಲ್ ಸೀರೆಯ ಸೆರಗು ಸವೆಯುತ್ತದೆ. ದಿನಾ ತಿಕ್ಕಿದರೆ ತಾಮ್ರದ ಕೊಡ ತೆಳುವಾಗುತ್ತದೆ. ದಿನಾ ಗುಡಿಸಿದರೆ ಕಸಬರಿಗೆ ಮೋಟಾಗುತ್ತದೆ. ಅದಕ್ಕೇ ನಾವು ಒಳ್ಳೆಯ ಸಾಮಾನನ್ನೆಲ್ಲ ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನೆಮ್ಮದಿಯಿಂದ ಇರುತ್ತೇವೆ. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ ಎಂಬುದು ನಮ್ಮ ನಂಬಿಕೆ.

ಆದರೆ ಇಟ್ಟರೇ ಕೆಡುವ ವಸ್ತುಗಳೂ ಇವೆ. ಸೇದದ ಬಾವಿಯ ನೀರು ನಾರುತ್ತದೆ. ರೊಟ್ಟಿ ಬೇಯಿಸದ ಕಬ್ಬಿಣದ ಹಂಚಿಗೆ ಜಂಗು ಹಿಡಿಯುತ್ತದೆ. ವರ್ಷಗಟ್ಟಲೆ ಮಡಿಚಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳುತ್ತದೆ. ಈ ಪಟ್ಟಿಗೆ ನಾನು ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ. ಅದೇ ಕಾರಿನ ಬ್ಯಾಟರಿ. ಅಮೆರಿಕದಲ್ಲಿರುವ ನನ್ನ ಮಗನ ಕೆಂಪು ಸ್ಪೋರ್ಟ್ಸ್ ಕಾರು, ಮುದ್ದೇಬಿಹಾಳದಲ್ಲಿರುವ ನಮ್ಮ ಬಿಳಿ ಮಾರುತಿ ಇವೆರಡಕ್ಕೂ ರೂಪದಲ್ಲಿ, ವೇಗದಲ್ಲಿ, ದೇಶದಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಎರಡಕ್ಕೂ ಬರುವ ರೋಗ ಒಂದೇ. ನಿಂತು ನಿಂತು ಬ್ಯಾಟರಿ ಇಳಿಯುವ ರೋಗ.

ನಾನು ಬಿ.ಎ., ಬಿ.ಎಡ್. ಓದಿದವಳು. ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಪಾಣಿಪತ್ತಿನ ಯುದ್ಧಗಳು ಎಷ್ಟು, ಯಾವಾಗ ನಡೆದವು ಎಂದು ಕೇಳಿ, ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಬ್ಯಾಟರಿಯ ವಿಷಯದಲ್ಲಿ ಮಾತ್ರ ನನ್ನ ಜ್ಞಾನ ಬಹಳ ದಿನ ಟಾರ್ಚಿನ ಸೆಲ್ಲಿಗೇ ನಿಂತಿತ್ತು. ನನ್ನ ತವರೂರಿನಲ್ಲಿ 1987ರಲ್ಲಿ ಟೀವಿಯಲ್ಲಿ ರಾಮಾಯಣ ಶುರುವಾದಾಗ, ರವಿವಾರ ಮುಂಜಾನೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಆಗ ಗೌಡರ ಮನೆಯ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಇಬ್ಬರು ಆಳುಗಳು ಹೊತ್ತು ತಂದು ಕಟ್ಟೆಯ ಮೇಲಿಟ್ಟು ಟೀವಿಗೆ ವೈರು ಹಚ್ಚುತ್ತಿದ್ದರು. ಒಬ್ಬ ಮುದುಕಿ ರಾಮನಿಗೆ ಕೈಮುಗಿದು, ಬ್ಯಾಟರಿಗೂ ಒಂದಿಷ್ಟು ಕುಂಕುಮ ಹಚ್ಚುತ್ತಿದ್ದಳು. ಬ್ಯಾಟರಿಯ ಮಹಿಮೆಯನ್ನು ನಾನು ಕಂಡದ್ದು ಅಷ್ಟೇ.

ನಮ್ಮವರು ಕಾರು ಕೊಂಡದ್ದು 2011ರಲ್ಲಿ, ಮಾರುತಿ 800. ಬೆಂಗಳೂರಿನಂಥ ದೊಡ್ಡ ಶಹರಗಳಲ್ಲಿ ಅದರ ಮಾರಾಟ 2010ರಲ್ಲೇ ನಿಂತಿತ್ತು. ನಮ್ಮಂಥ ಊರುಗಳಲ್ಲಿ ಇನ್ನೂ ಸಿಗುತ್ತಿತ್ತು. 2014ರ ಜನವರಿಯಲ್ಲಿ ಅದರ ತಯಾರಿಕೆಯೂ ನಿಂತಾಗ ನಮ್ಮವರು ಪೇಪರಿನ ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡರು, ಮನೆತನದವರು ಯಾರೋ ತೀರಿಕೊಂಡ ಹಾಗೆ. ಅವರು ಇರುವವರೆಗೆ ಗಾಡಿಯ ಚಿಂತೆ ನನಗೆ ಇರಲಿಲ್ಲ. 'ಇರುವವರೆಗೆ' ಎಂದರೆ ತಪ್ಪು ತಿಳಿಯಬೇಡಿ, ದೇವರ ದಯದಿಂದ ಈಗಲೂ ಗಟ್ಟಿಮುಟ್ಟಾಗಿದ್ದಾರೆ. 2022ರಲ್ಲಿ ಅವರ ಕಣ್ಣಿನ ನರಕ್ಕೆ ತೊಂದರೆಯಾಯಿತು. ಎದುರಿಗಿರುವುದು ಕಾಣುತ್ತದೆ, ಬದಿಯಿಂದ ಬರುವುದು ಕಾಣುವುದಿಲ್ಲ. "ಇನ್ನ ಸ್ಟೇರಿಂಗ್ ಹಿಡಿಯೂದು ಬ್ಯಾಡ್ರಿ" ಎಂದರು ಡಾಕ್ಟರು. ಅಂದಿನಿಂದ ಗಾಡಿ ತಗಡಿನ ಶೆಡ್ಡಿನಲ್ಲಿ ನಿಂತಿತು. ಮೊದಮೊದಲು ಎದುರು ಮನೆಯ ಹುಡುಗ ವಾರಕ್ಕೊಮ್ಮೆ ಬಂದು ಒಂದು ಸುತ್ತು ಹೊಡೆಸುತ್ತಿದ್ದ. ಅವನಿಗೆ ಹುಬ್ಬಳ್ಳಿಯಲ್ಲಿ ನೌಕರಿ ಸಿಕ್ಕಿತು. ಆಮೇಲೆ ಗಾಡಿಯ ಮೇಲೆ ಬೆಕ್ಕು ಮಲಗತೊಡಗಿತು.

2023ರ ಮೇ ತಿಂಗಳ ಒಂದು ರಾತ್ರಿ ನಮ್ಮ ಅತ್ತೆಯವರಿಗೆ ಉಸಿರು ಕಟ್ಟಿದ ಹಾಗಾಯಿತು. ಅವರಿಗೆ ಆಗ 83 ವರ್ಷ. ಎದುರು ಮನೆಯ ಹುಡುಗ ಪುಣ್ಯಕ್ಕೆ ರಜೆಗೆ ಊರಿಗೆ ಬಂದಿದ್ದ. ಓಡಿ ಬಂದು ಕೀಲಿ ತಿರುವಿದ. ಗಾಡಿ 'ಟಕ್' ಎಂದಿತು, ಸುಮ್ಮನಾಯಿತು. ಮತ್ತೆ 'ಟಕ್'. ಲೈಟು ಹಚ್ಚಿದರೆ ಬೆಳಕು ಊದಿನಕಡ್ಡಿಯ ತುದಿಯಷ್ಟೇ. ಓಣಿಯ ನಾಲ್ಕು ಜನ ಸೇರಿ ತಳ್ಳಿದರು. ಈಗಿನ ಗಾಡಿಗಳಲ್ಲಿ ಪೆಟ್ರೋಲು ಮೇಲೆತ್ತುವ ಪಂಪಿಗೂ ಕರೆಂಟೇ ಬೇಕಂತೆ, ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಉಪಯೋಗವಿಲ್ಲ. ಪಕ್ಕದ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಅದರ ಬ್ಯಾಟರಿಯೂ 12 ವೋಲ್ಟಿನದೇ. ಆದರೆ ಎರಡನ್ನೂ ಜೋಡಿಸುವ ದಪ್ಪ ಕೇಬಲ್ಲು ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ 108ಕ್ಕೆ ಫೋನು ಮಾಡಿದೆವು. ಅವರು ಬಂದರು, ಆಕ್ಸಿಜನ್ ಹಚ್ಚಿದರು, ವಿಜಯಪುರಕ್ಕೆ ಕರೆದೊಯ್ದರು. ಅತ್ತೆಯವರು ಉಳಿದರು. ಆದರೆ 108 ಬರುವವರೆಗೆ ಕಳೆದ ಹೊತ್ತನ್ನು ನಾನು ಗಡಿಯಾರದಲ್ಲಿ ಅಳೆಯಲಿಲ್ಲ, ಅತ್ತೆಯವರ ಉಸಿರಿನಲ್ಲಿ ಎಣಿಸಿದೆ.

ಅವರು ಮನೆಗೆ ಬಂದು ಎರಡು ವಾರಕ್ಕೆ ನಾನು ಬಸ್‌ಸ್ಟ್ಯಾಂಡ್ ಕಡೆಯ ಬ್ಯಾಟರಿ ಅಂಗಡಿಗೆ ಹೋದೆ. ಮಿಸ್ತ್ರಿ ಮನೆಗೆ ಬಂದ. ಬಾನೆಟ್ಟು ಎತ್ತಿದ. ಬ್ಯಾಟರಿಯ ತಲೆಯ ಮೇಲೆ ಬಿಳಿ, ಹಸಿರು ಬಣ್ಣದ ಬೂಷ್ಟಿನಂಥದು ಬೆಳೆದಿತ್ತು. ಮೀಟರು ಹಚ್ಚಿ ಹೇಳಿದ:

"ಎಂಟೂ ಇಲ್ರಿ ಅಕ್ಕೋರ. ಹೊಟ್ಟಿ ತುಂಬಿದ್ದಂದ್ರ ಹನ್ನೆರಡೂವರಿ ಮ್ಯಾಲ ಇರಬೇಕು."

"ಹಂಗಾರ ಹೊಸಾದು ಹಾಕು."

"ಹಾಕ್ತೀನ್ರಿ. ಆದ್ರ ಗಾಡಿ ಓಡ್ಸಾವ್ರು ಯಾರ್ರಿ? ಹಿಂಗ ನಿಂದ್ರಿಸಿದ್ರ ಇದೂ ಆರು ತಿಂಗ್ಳಿಗೆ ಸಾಯ್ತೈತಿ. ಹೆಣಕ್ಕ ಸಿಂಗಾರ ಮಾಡಿದಂಗ ಆಗ್ತದ."

ಒರಟು ಮಾತು. ಆದರೆ ಒರಟು ಮಾತಿನಲ್ಲೇ ಕೆಲವು ಸಲ ಪ್ರಶ್ನೆ ಸರಿಯಾಗಿ ಕೇಳಿಸುತ್ತದೆ. ಗಾಡಿ ಓಡಿಸುವವರು ಯಾರು? ನಮ್ಮವರು ನನ್ನ ಮುಖ ನೋಡಿದರು. ನಾನು ಗಾಡಿಯ ಮುಖ ನೋಡಿದೆ. ಬ್ಯಾಟರಿ ಹಾಕಿದ ಮರುದಿನವೇ ಡ್ರೈವಿಂಗ್ ಶಾಲೆಗೆ ಹೆಸರು ಹಚ್ಚಿದೆ. ನನಗಾಗ 54 ವರ್ಷ.

"ಈ ವಯಸ್ಸಿನ್ಯಾಗ ಬೇಕೇನ ಇದು?" ಎಂದರು ನಮ್ಮವರು.

"ಮೂವತ್ತು ವರ್ಷ ಹುಡುಗೂರ್ನ ಸಾಲಾಗಿ ನಿಲ್ಲಿಸೀನ್ರಿ. ಒಂದು ಗಾಡಿ ನನ್ನ ಮಾತು ಕೇಳೂದಿಲ್ಲೇನು?" ಎಂದೆ.

ಗಾಡಿ ಮಾತು ಕೇಳಲು ಎರಡು ತಿಂಗಳು ಹಿಡಿಯಿತು. ಕ್ಲಚ್ಚು ಬಿಡುವಾಗ ಅದು ಕಪ್ಪೆಯ ಹಾಗೆ ಜಿಗಿಯುತ್ತಿತ್ತು. ನಮ್ಮ ಶಾಲೆಯ ಹುಡುಗರು ರಸ್ತೆಯ ಬದಿಗೆ ನಿಂತು, "ಟೀಚರ್ ಬಂದ್ರು, ಸರೀರಿ" ಎಂದು ಎಮ್ಮೆಗಳಿಗೆ ಹೇಳುತ್ತಿದ್ದರು. ಲೈಸನ್ಸು ಬಂತು. ಅದರ ಜೊತೆಗೆ ಬ್ಯಾಟರಿಯ ಮೇಲೂ ನನಗೆ ಒಂದು ಕಣ್ಣು ಬಂತು.

ನಮ್ಮ ಸ್ಟಾಫ್‌ರೂಮಿನ ವಿಜ್ಞಾನದ ಟೀಚರು ಕರಿಹಲಗೆಯ ಮೇಲೆ ಚಿತ್ರ ಬರೆದು ತಿಳಿಸಿಕೊಟ್ಟರು. ಬ್ಯಾಟರಿಯ ಒಳಗೆ ಆರು ಮನೆಗಳು. ಒಂದೊಂದು ಮನೆಯೂ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ, ಆರೂ ಸೇರಿದರೆ 12.6. ಪ್ರತಿ ಮನೆಯಲ್ಲೂ ಸೀಸದ ತಗಡುಗಳು, ಅವು ಮುಳುಗುವಷ್ಟು ಗಂಧಕಾಮ್ಲ ಮತ್ತು ನೀರು. ಕರೆಂಟು ಖರ್ಚಾದಂತೆ ಆಮ್ಲ ಕಡಿಮೆಯಾಗಿ ನೀರು ಹೆಚ್ಚುತ್ತದೆ, ತಗಡುಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಗಾಡಿ ಓಡಿದಾಗ ಎಂಜಿನ್ನಿನ ಜೊತೆ ತಿರುಗುವ ಆಲ್ಟರ್ನೇಟರು ಕರೆಂಟು ಹಿಂದಕ್ಕೆ ತುಂಬುತ್ತದೆ, ಸಲ್ಫೇಟು ಕರಗುತ್ತದೆ. ಆದರೆ ಖಾಲಿ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಕರೆಂಟು ಕೊಟ್ಟರೂ ಕರಗುವುದಿಲ್ಲ. "ಹಂಡೆಯೊಳಗ ಸವಳು ನೀರಿನ ಕಲ್ಲು ಕೂಡ್ತದಲ್ರಿ, ಹಾಂಗ" ಎಂದರು ಅವರು. ಆ ಒಂದು ಮಾತಿಗೆ ನನಗೆ ಇಡೀ ಪಾಠ ತಿಳಿಯಿತು. ನಮ್ಮ ಕಡೆಯ ಸವಳು ನೀರಿನ ಹಂಡೆಯನ್ನು ತಿಕ್ಕಿದ ಕೈಗೆ ಬೇರೆ ವಿವರಣೆ ಬೇಕಿಲ್ಲ.

ಸುಮ್ಮನೆ ನಿಂತರೂ ಬ್ಯಾಟರಿ ಏಕೆ ಖಾಲಿಯಾಗಬೇಕು? ಏನೂ ಹಚ್ಚದಿದ್ದರೂ ಒಳಗಿನ ಶಕ್ತಿ ತಾನೇ ಸೋರುತ್ತಿರುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಮ್ಮ ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನ ಒಳಗಿನ ಕಾವು ಇನ್ನೂ ಜಾಸ್ತಿ. ಅಲ್ಲಿ ನಿಂತ ಗಾಡಿಗೆ ಬ್ಯಾಟರಿ ಬೇಗ ಮುಪ್ಪಾಗದೆ ಇನ್ನೇನಾಗುತ್ತದೆ?

2024ರ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಮಗನ ಮನೆಗೆ ಹೋದೆವು. ಅವನು ಇರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಶಹರದ ಹತ್ತಿರ. ಅತ್ತೆಯವರನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ಮಗನ ಮನೆ ಮುಟ್ಟಿದ ಮರುದಿನ ಅವನು ನಮ್ಮನ್ನು ಗ್ಯಾರೇಜಿಗೆ ಕರೆದೊಯ್ದ. ದಿನನಿತ್ಯದ ಕಾರು ಹೊರಗಿತ್ತು. ಒಳಗೆ ಹೊದಿಕೆ ಹೊದ್ದು ಇನ್ನೊಂದು ಗಾಡಿ ಮಲಗಿತ್ತು. ಮದುಮಗಳ ಸೆರಗು ಸರಿಸುವ ಹಾಗೆ ಮೆಲ್ಲಗೆ ಹೊದಿಕೆ ಸರಿಸಿದ. ಕೆಂಪು ಬಣ್ಣದ, ಮೊಣಕಾಲೆತ್ತರದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮಾಜ್ದಾ ಕಂಪನಿಯ ಮಿಯಾಟಾ, 1996ರ ಮಾಡೆಲ್, ಸೆಕೆಂಡ್ ಹ್ಯಾಂಡ್.

"ಎರಡ ಸೀಟು. ಅಜ್ಜಿ ಎಲ್ಲಿ ಕೂಡಬೇಕೋ?" ಎಂದೆ.

"ಅವ್ವಾ, ಇದು ಊರಿಗೆ ಹೋಗು ಗಾಡಿ ಅಲ್ಲ. ಖುಷಿಗೆ ಓಡ್ಸು ಗಾಡಿ" ಎಂದ.

1989ರಲ್ಲಿ ಮೊದಲು ಬಂದ ಈ ಗಾಡಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರೆಂದು ಗಿನ್ನೆಸ್ ಪುಸ್ತಕದಲ್ಲಿ ಹೆಸರು ಪಡೆದಿದೆಯಂತೆ. ಇಷ್ಟೆಲ್ಲ ಹೆಸರಿದ್ದೂ ನವೆಂಬರಿನಿಂದ ಏಪ್ರಿಲ್‌ವರೆಗೆ ಅದು ಕದಲುವುದಿಲ್ಲ. ಅಲ್ಲಿ ಹಿಮ ಬಿದ್ದಾಗ ರಸ್ತೆಗೆ ಉಪ್ಪು ಎರಚುತ್ತಾರೆ. ಡೆಟ್ರಾಯಿಟ್ ಶಹರದ ಕೆಳಗೇ ಒಂದು ದೊಡ್ಡ ಉಪ್ಪಿನ ಗಣಿ ಇದೆ ಎಂದರೆ ನಂಬುತ್ತೀರಾ? ಆ ಉಪ್ಪು ತಗಲಿದರೆ ಹಳೆಯ ಗಾಡಿಯ ತಗಡು ತಿಂದುಹೋಗುತ್ತದೆ. ಅದಕ್ಕೆ ಇಂಥ ಮುದ್ದಿನ ಗಾಡಿಗಳನ್ನೆಲ್ಲ ಚಳಿಗಾಲಕ್ಕೆ ಮಲಗಿಸುತ್ತಾರೆ. ಖಾಲಿ ಬ್ಯಾಟರಿಗೆ ಅಲ್ಲಿ ಇನ್ನೊಂದು ಗಂಡಾಂತರ. ಪೂರ್ತಿ ತುಂಬಿದ ಬ್ಯಾಟರಿ ಅಲ್ಲಿಯ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದರಲ್ಲಿ ನೀರೇ ಹೆಚ್ಚಾಗಿರುವುದರಿಂದ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವ ಹೊತ್ತಿಗೆ ಒಳಗೇ ಮಂಜುಗಡ್ಡೆಯಾಗಿ ಡಬ್ಬಿಯೇ ಒಡೆಯಬಹುದು.

ಹಾಗಾಗಿ ಮಲಗಿದ ಗಾಡಿಗೂ ಸಲಾಯಿನ್ ಹಚ್ಚಿದ ಹಾಗೆ ಒಂದು ಸಣ್ಣ ಯಂತ್ರ ಹಚ್ಚಿರುತ್ತಾರೆ. ಗೋಡೆಯ ಪ್ಲಗ್ಗಿನಿಂದ ಒಂದು ವೈರು, ಬ್ಯಾಟರಿಗೆ ಎರಡು ಚಿಮಟಿಗೆ. ಹಿಂದಿನ ಕಾಲದ ಚಾರ್ಜರು ಬ್ಯಾಟರಿ ತುಂಬಿದ ಮೇಲೂ ತುಂಬುತ್ತಲೇ ಇದ್ದು ಒಳಗಿನ ನೀರನ್ನೆಲ್ಲ ಕುದಿಸಿ ಒಣಗಿಸುತ್ತಿತ್ತು. ಈಗಿನದಕ್ಕೆ ಬುದ್ಧಿ ಇದೆ. ಹದಿನಾಲ್ಕು ವೋಲ್ಟಿನ ಮೇಲೆ ಏರಿಸಿ ತುಂಬುತ್ತದೆ, ತುಂಬಿದ ಕೂಡಲೇ ಹದಿಮೂರರ ಆಸುಪಾಸಿಗೆ ಇಳಿದು ಬರೀ ಕಾವಲು ಕಾಯುತ್ತದೆ. ಕಾದ ಹಾಲಿನ ಕೆಳಗೆ ಒಲೆ ಸಣ್ಣ ಮಾಡುತ್ತೇವಲ್ಲ, ಹಾಗೆ. ಫೆರಾರಿಯಂಥ ಕೋಟಿ ಬೆಲೆಯ ಗಾಡಿಗಳಿಗೂ ಇಂಥ ಯಂತ್ರ ಹಚ್ಚಿಡುತ್ತಾರಂತೆ. ಏಕೆಂದರೆ ಹೊಸ ಸ್ಪೋರ್ಟ್ಸ್ ಕಾರು ನಿಂತಾಗಲೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಕಳ್ಳರ ಅಲಾರಮ್ಮು, ಗಡಿಯಾರ, ರಿಮೋಟು, ಗಣಕಯಂತ್ರ ಎಲ್ಲ ಅರೆಗಣ್ಣು ತೆರೆದಿರುತ್ತವೆ. ಮಗ ಲೆಕ್ಕ ಹಾಕಿ ತೋರಿಸಿದ. ಇವೆಲ್ಲ ಸೇರಿ ಒಂದು ಆಂಪಿಯರಿನ ಇಪ್ಪತ್ತರಲ್ಲಿ ಒಂದು ಭಾಗ ಎಳೆದರೂ ದಿನಕ್ಕೆ 1.2 ಆಂಪಿಯರ್ ಅವರ್ ಹೋಯಿತು. 40 ಆಂಪಿಯರ್ ಅವರಿನ ಬ್ಯಾಟರಿ 33 ದಿನಕ್ಕೆ ಬರಿದು. ಕೋಟಿ ರೂಪಾಯಿಯ ಗಾಡಿಯನ್ನು ಅಷ್ಟು ಸಣ್ಣ ಸೋರಿಕೆ ಮಲಗಿಸಿಬಿಡುತ್ತದೆ. ಕಿಸೆಗೆ ಸಣ್ಣ ತೂತಿದ್ದರೂ ತಿಂಗಳ ಕೊನೆಗೆ ಪಗಾರ ಉಳಿಯುವುದಿಲ್ಲವಲ್ಲ!

ಎಷ್ಟೇ ಕಾವಲು ಕಾದರೂ ಬ್ಯಾಟರಿಗೂ ಆಯುಷ್ಯ ಅಂತ ಒಂದಿದೆ. ಮಗನ ಗಾಡಿಯದಕ್ಕೆ ಆರು ವರ್ಷವಾಗಿತ್ತು. ಯಂತ್ರ ತೆಗೆದು ಒಂದು ರಾತ್ರಿ ಬಿಟ್ಟು ಮೀಟರು ಹಚ್ಚಿದರೆ 12.5 ತೋರಿಸಿತು. ನೋಡುವುದಕ್ಕೆ ಆರೋಗ್ಯವಂತ. ಆದರೆ ಕೀಲಿ ತಿರುವಿದ ಕೂಡಲೇ ಮುಳ್ಳು ಒಂಬತ್ತಕ್ಕಿಂತ ಕೆಳಗೆ ಬಿತ್ತು. ಎಂಜಿನ್ನು ತಿರುಗಿಸುವಾಗ ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿ ಮುಗಿಯಿತು ಎಂದೇ ಅರ್ಥ. ಕುಳಿತಾಗ ಗಟ್ಟಿಯಾಗಿ ಮಾತಾಡಿ, ಕೊಡ ಎತ್ತು ಎಂದರೆ ಉಬ್ಬಸ ಬರುವವರ ಹಾಗೆ. ಹೊಸದು ತರಿಸಿದ. ಈ ಹಳೆಯ ಮಿಯಾಟಾದಲ್ಲಿ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗಲ್ಲ, ಹಿಂದೆ ಡಿಕ್ಕಿಯ ಮೂಲೆಯಲ್ಲಿ. ಗಾಡಿಯ ತೂಕ ಮುಂದೆ ಹಿಂದೆ ಸಮ ಇದ್ದರೆ ತಿರುವಿನಲ್ಲಿ ಚೆನ್ನಾಗಿ ಓಡುತ್ತದಂತೆ. ಮುಚ್ಚಿದ ಜಾಗದಲ್ಲಿ ಇರುವುದರಿಂದ ಎಲ್ಲ ಬ್ಯಾಟರಿಯೂ ಅದಕ್ಕೆ ನಡೆಯುವುದಿಲ್ಲ. ಚಾರ್ಜಾಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಡುತ್ತದೆ, ಒಂದು ಕಿಡಿ ಸಾಕು ಸಿಡಿಯುವುದಕ್ಕೆ. ಅದಕ್ಕಾಗಿ ಅನಿಲವನ್ನು ಗಾಡಿಯ ಹೊರಗೆ ಒಯ್ಯುವ ಸಣ್ಣ ನಳಿಕೆ ಜೋಡಿಸಲು ಬರುವಂಥದೇ ಬೇಕು.

ಮಗ ಪಾನಾ ಹಿಡಿದು ಬಗ್ಗಿದ. ನಾನು ಟಾರ್ಚು ಹಿಡಿದಿದ್ದೆ. ಅವನ ಕೈ ಪ್ಲಸ್ಸಿನ ಕಡೆ ಹೋಗುತ್ತಿದ್ದದ್ದು ನೋಡಿ, "ಮೈನಸ್ ಮೊದಲ ತಗಿಯೋ" ಎಂದೆ. ಅವನು ತಲೆ ಎತ್ತಿ ನನ್ನನ್ನೇ ನೋಡಿದ.

"ಗಾಡಿಯ ಮೈಯೆಲ್ಲ ಮೈನಸ್ಸಿಗೆ ಜೋಡಿಸಿರ್ತದ. ಪ್ಲಸ್ ಬಿಚ್ಚುವಾಗ ಪಾನಾ ಮೈಗೆ ತಾಕಿದ್ರ ಕಿಡಿ ಹಾರ್ತದ. ತೆಗಿಯುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕಡೀಕ" ಎಂದೆ, ಪಾಠ ಒಪ್ಪಿಸುವ ದನಿಯಲ್ಲಿ.

"ಅವ್ವಾ, ನಿನಗ ಇದೆಲ್ಲಾ ಹ್ಯಾಂಗ ಗೊತ್ತು?"

"ಮುದ್ದೇಬಿಹಾಳದಾಗ ಕಲತೀನಿ."

ನಮ್ಮವರು ಮುಖ ಆಚೆ ತಿರುಗಿಸಿ ನಕ್ಕರು. ಎಂಜಿನಿಯರಿಂಗ್ ಓದಿದ ಮಗನಿಗೆ ಪಾಣಿಪತ್ತಿನ ಟೀಚರು ಬ್ಯಾಟರಿಯ ಪಾಠ ಹೇಳಿದ ಆ ಗಳಿಗೆ ನನಗೆ ಒಳಗೊಳಗೇ ಬಹಳ ಸಂತೋಷ ಕೊಟ್ಟಿತು, ಸುಳ್ಳೇಕೆ ಹೇಳಲಿ.

ಮುಂದಿನ ಶನಿವಾರ ಅವನು ನಮ್ಮನ್ನು ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ಮ್ಯೂಜಿಯಮ್ಮಿಗೆ ಕರೆದೊಯ್ದ. ಅಲ್ಲಿ ಸಾಲುಸಾಲು ಹಳೆಯ ಕಾರುಗಳು. ಅವುಗಳ ನಡುವೆ ಕರಿ ಬಣ್ಣದ, ದೊಡ್ಡ ಕಿಟಕಿಗಳ, ಸಣ್ಣ ಕೋಣೆಯಂಥ ಒಂದು ಗಾಡಿ. ಸ್ಟೇರಿಂಗ್ ಚಕ್ರವಿಲ್ಲ, ಅದರ ಬದಲು ಒಂದು ಹಿಡಿಕೆ. 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್, ಪೂರ್ತಿ ಬ್ಯಾಟರಿಯ ಮೇಲೆ ಓಡುತ್ತಿದ್ದ ಗಾಡಿ. ಯಾರದು ಎಂದು ನೋಡಿದರೆ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಫೋರ್ಡ್ ಅವರದು! ಗಂಡ ಜಗತ್ತಿಗೆಲ್ಲ ಪೆಟ್ರೋಲ್ ಕಾರು ಮಾಡಿ ಮಾರುತ್ತಿದ್ದರೆ ಹೆಂಡತಿ ಬೇರೆ ಕಂಪನಿಯ ಬ್ಯಾಟರಿ ಕಾರಿನಲ್ಲಿ ತಿರುಗುತ್ತಿದ್ದಳು. ನಾನು ಅಲ್ಲೇ ನಿಂತುಬಿಟ್ಟೆ.

ಕಾರಣ ಬಹಳ ಸರಳ. ಆ ಕಾಲದ ಪೆಟ್ರೋಲ್ ಕಾರನ್ನು ಚಾಲೂ ಮಾಡಲು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ಲು ತಿರುವಬೇಕಿತ್ತು. ಎಂಜಿನ್ನು ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತಿತ್ತು. ಎಷ್ಟೋ ಜನರ ಮುಂಗೈ ಮುರಿದದ್ದುಂಟು. ನಮ್ಮಲ್ಲಿಯ ಅಂಬಾಸಿಡರಿಗೂ ಅಂಥದೊಂದು ಹ್ಯಾಂಡಲ್ಲು ಇರುತ್ತಿತ್ತು, ಹಿರಿಯರಿಗೆ ನೆನಪಿರಬಹುದು. ಅದು ಗಂಡಸರ ರಟ್ಟೆಯ ಕೆಲಸ ಎಂದು ಎಲ್ಲರೂ ತೀರ್ಮಾನಿಸಿದ್ದರು. ಹೆಣ್ಣುಮಕ್ಕಳಿಗೆ ಬ್ಯಾಟರಿ ಕಾರೇ ಸರಿ ಎಂದು ಕಂಪನಿಗಳು ಜಾಹೀರಾತು ಕೊಡುತ್ತಿದ್ದವು. ಚಾರ್ಲ್ಸ್ ಕೆಟರಿಂಗ್ ಎಂಬಾತ ಒಂದು ಸಣ್ಣ ಮೋಟಾರಿನಿಂದ ಎಂಜಿನ್ನು ತಿರುಗಿಸುವ ಉಪಾಯ ಕಂಡುಹಿಡಿದ. ಅವನು ಅದಕ್ಕೆ ಮೊದಲು ಅಂಗಡಿಯ ಗಲ್ಲಾಪೆಟ್ಟಿಗೆಯ ಯಂತ್ರಕ್ಕೆ ಕರೆಂಟಿನ ಮೋಟಾರು ಕೂಡಿಸಿದವನು. 1912ರ ಕ್ಯಾಡಿಲಾಕ್ ಕಾರಿಗೆ ಅವನ ಸ್ಟಾರ್ಟರು ಬಂತು. ಅದಕ್ಕೆ ಶಕ್ತಿ ಕೊಟ್ಟದ್ದು ಫ್ರಾನ್ಸಿನ ಗಾಸ್ತೋ ಪ್ಲಾಂತೆ 1859ರಲ್ಲಿ ಕಂಡುಹಿಡಿದ ಜಾತಿಯದೇ ಸೀಸದ ಬ್ಯಾಟರಿ. ನನ್ನ ಮಾರುತಿಯಲ್ಲೂ ಮಗನ ಮಿಯಾಟಾದಲ್ಲೂ ಇವತ್ತಿಗೂ ಇರುವುದು ಅದರದೇ ವಂಶ.

ಹ್ಯಾಂಡಲ್ಲು ಹೋಯಿತು, ಕೀಲಿ ಬಂತು. ಕೀಲಿ ತಿರುವಲು ರಟ್ಟೆ ಬೇಕಿಲ್ಲ. ಹೆಣ್ಣುಮಕ್ಕಳು ಯಾವ ಗಾಡಿಯನ್ನಾದರೂ ತಾವೇ ಚಾಲೂ ಮಾಡಿಕೊಂಡು ಹೋಗುವ ದಾರಿ ಹೀಗೆ ತೆರೆಯಿತು. ನಾನು ಇತಿಹಾಸ ಕಲಿಸುವವಳು. ರಾಜರು, ಯುದ್ಧಗಳು, ಒಪ್ಪಂದಗಳು ಎಲ್ಲ ಪುಸ್ತಕದಲ್ಲಿವೆ. ಆದರೆ ಒಂದು ಬ್ಯಾಟರಿ ಹೆಣ್ಣಿನ ಕೈಗೆ ಕೀಲಿ ಕೊಟ್ಟ ಕಥೆ ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಬಾಗಿಲು ತೆರೆದು ನೂರು ವರ್ಷ ದಾಟಿದ ಮೇಲೆ, 54ನೇ ವಯಸ್ಸಿಗೆ ನಾನು ಅದರೊಳಗೆ ಕಾಲಿಟ್ಟೆ. ತಡವಾದರೂ ಕೀಲಿ ತಿರುಗಿತು.

ಊರಿಗೆ ಬಂದ ಮೇಲೆ ನಮ್ಮ ಗಾಡಿಗೂ ಅಂಥ ಯಂತ್ರ ತರಿಸೋಣವೇ ಎಂದು ನಮ್ಮವರು ಕೇಳಿದರು. ಈಗ ನಮ್ಮ ದೇಶದಲ್ಲೂ ಸಿಗುತ್ತದೆ. ನಾನು ಬೇಡ ಎಂದೆ. ಮಗನ ಗಾಡಿಗೆ ಅದು ಬೇಕು, ಅಲ್ಲಿ ಐದು ತಿಂಗಳು ರಸ್ತೆಯೇ ಬೇಡವೆನ್ನುತ್ತದೆ. ನಮ್ಮ ರಸ್ತೆಗೆ ಏನಾಗಿದೆ? ನಮ್ಮ ಗಾಡಿಗೆ ಬೇಕಾದದ್ದು ಗೋಡೆಯ ಪ್ಲಗ್ಗಲ್ಲ, ತಂಗಡಗಿಯ ಹಾದಿ.

ಪ್ರತಿ ರವಿವಾರ ಮುಂಜಾನೆ ನಾವು ಮೂವರೂ ತಂಗಡಗಿಗೆ ಹೋಗುತ್ತೇವೆ. ಕೃಷ್ಣೆಯ ದಂಡೆಯ ಮೇಲೆ ನೀಲಮ್ಮ ತಾಯಿಯ ಗುಡಿ, ಹೊಳೆಯ ಆಚೆಗೆ ಕೂಡಲಸಂಗಮ. 1565ರ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿಗಳು ಇವೇ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ, ನಮ್ಮವರು ಪ್ರತಿ ಸಲವೂ ಮೊದಲ ಸಲ ಕೇಳಿದವರ ಹಾಗೆ ತಲೆಯಾಡಿಸುತ್ತಾರೆ. ಹೋಗಿ ಬರುವುದರಲ್ಲಿ ಗಾಡಿ ಮುಕ್ಕಾಲು ತಾಸಾದರೂ ಒಂದೇ ಸಮ ಓಡುತ್ತದೆ. ಮನೆಯ ಮುಂದೆಯೇ ಹತ್ತು ನಿಮಿಷ ಚಾಲೂ ಇಟ್ಟರೆ ಸಾಲದು. ಚಾಲೂ ಮಾಡುವಾಗ ಬ್ಯಾಟರಿ ಒಮ್ಮೆಗೇ ನೂರಕ್ಕೂ ಹೆಚ್ಚು ಆಂಪಿಯರ್ ಕೊಟ್ಟಿರುತ್ತದೆ. ನಿಂತಲ್ಲೇ ಗುರುಗುಟ್ಟುವ ಎಂಜಿನ್ನು ತುಂಬಿಕೊಡುವುದು ಕಡಿಮೆ, ಅದರ ಮೇಲೆ ಏಸಿ, ಲೈಟು ಹಚ್ಚಿದರಂತೂ ಇನ್ನೂ ಕಡಿಮೆ. ಉಪವಾಸ ಬಿದ್ದವರಿಗೆ ಚಹಾ ಕೊಟ್ಟು ಕಳಿಸಿದ ಹಾಗಾಗುತ್ತದೆ. ಅತ್ತೆಯವರು ಮನೆಗೆ ಬಂದು ಇಳಿಯುವಾಗ, "ಗಾಡಿ ಹೊಟ್ಟಿ ತುಂಬೇತೇನ?" ಎಂದು ಕೇಳಿಯೇ ಇಳಿಯುತ್ತಾರೆ.

ನನ್ನನ್ನು ನೋಡಿ ಓಣಿಯಲ್ಲಿ ಕೆಲವರು ಕೇಳಲು ಬರುತ್ತಾರೆ. ಒಬ್ಬರ ಗಂಡ ಸೈನ್ಯದಲ್ಲಿದ್ದಾರೆ, ಗಾಡಿ ಮನೆಯಲ್ಲಿದೆ. ಇನ್ನೊಬ್ಬರ ಯಜಮಾನರು ತೀರಿಕೊಂಡಿದ್ದಾರೆ, ಗಾಡಿ ಮಾರಲು ಮನಸ್ಸಿಲ್ಲ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಬ್ಯಾಟರಿಯ ಮೈನಸ್ ವೈರನ್ನು ಬಿಚ್ಚಿಡಿ, ಹೊರಗಿನ ಸೋರಿಕೆಯಾದರೂ ನಿಲ್ಲುತ್ತದೆ. ತಿಂಗಳಿಗೊಮ್ಮೆ ಮೀಟರು ಹಚ್ಚಿಸಿ ನೋಡಿ, 12.4ಕ್ಕೆ ಇಳಿದರೆ ಚಾರ್ಜು ಮಾಡಿಸಿ. ಮುಚ್ಚಳ ಬಿಚ್ಚುವ ಜಾತಿಯ ಬ್ಯಾಟರಿಯಾದರೆ ಒಳಗಿನ ತಗಡು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿಸಿ. ನಳದ ನೀರು, ಬೋರಿನ ನೀರು ಮುಟ್ಟಿಸಬೇಡಿ. ತುದಿಗಳಿಗೆ ಬೂಷ್ಟು ಬಂದರೆ ವೈರು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ವ್ಯಾಸಲಿನ್ ಸವರಿ. ಸೋಡಾ ನೀರು ಮುಚ್ಚಳದೊಳಗೆ ಇಳಿಯದಿರಲಿ. ಕೈಗೆ ಬಳೆ, ಉಂಗುರ ಇದ್ದರೆ ಮೊದಲು ತೆಗೆದಿಡಿ. ಲೋಹದ ಬಳೆ ಎರಡು ಕಡೆ ತಾಕಿದರೆ ಚರ್ಮ ಸುಟ್ಟುಹೋಗುತ್ತದೆ. ಹೊಸದು ಕೊಳ್ಳುವಾಗ ಹಳೆಯದರ ಅಳತೆ, ಪ್ಲಸ್ ಯಾವ ಬದಿಗಿದೆ, ತಯಾರಾದ ತಿಂಗಳು ಯಾವುದು ನೋಡಿ. ಅಂಗಡಿಯಲ್ಲೇ ವರ್ಷ ಕೂತ ಬ್ಯಾಟರಿ ಹೊಸದಲ್ಲ.

ಹಳೆಯದನ್ನು ಮಾತ್ರ ಗುಜರಿಯವನಿಗೆ ಕೊಡಬೇಡಿ. ಅದರ ಅರ್ಧಕ್ಕಿಂತ ಹೆಚ್ಚು ತೂಕ ಸೀಸವೇ. ಎಲ್ಲೋ ಹಿತ್ತಲಿನಲ್ಲಿ ಅದನ್ನು ಒಡೆದು ಕರಗಿಸಿದರೆ ಆ ಹೊಗೆ, ಆ ಮಣ್ಣು ಮೊದಲು ಕೆಡಿಸುವುದು ಎಳೆಯ ಮಕ್ಕಳ ಮಿದುಳನ್ನು. ನಾವು ಟೀಚರುಗಳು ಬೈದು ತಿದ್ದಲಾಗದಂಥ ದಡ್ಡತನ ಅದರಿಂದ ಬರುತ್ತದೆ. ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯಬೇಕೆಂದು ನಮ್ಮ ದೇಶದಲ್ಲಿ 2001ರಲ್ಲೇ ಕಾನೂನು ಬಂತು, 2022ರಲ್ಲಿ ಅದರ ಜಾಗದಲ್ಲಿ ಹೊಸ ನಿಯಮ ಬಂದಿದೆ. ಹೊಸದು ಕೊಂಡ ಅಂಗಡಿಯಲ್ಲೇ ಕೊಟ್ಟರೆ ಬೆಲೆಯಲ್ಲೂ ಒಂದಿಷ್ಟು ಕಡಿತವಾಗುತ್ತದೆ.

ಇಷ್ಟು ಹೇಳಿದ ಮೇಲೆ ಅವರು ಕೇಳುವ ಕೊನೆಯ ಪ್ರಶ್ನೆ ಒಂದೇ: "ಎಲ್ಲಾ ಖರೆ ಅಕ್ಕೋರ, ಆದ್ರ ಓಡ್ಸಾವ್ರು ಯಾರು?" ಆ ಮಿಸ್ತ್ರಿಯ ಪ್ರಶ್ನೆಯೇ. ನಾನು ಉತ್ತರ ಹೇಳುವುದಿಲ್ಲ. ರವಿವಾರ ತಂಗಡಗಿಗೆ ಬರ್ರಿ ಎನ್ನುತ್ತೇನೆ. ಗಾಡಿಯಲ್ಲಿ ಇನ್ನೂ ಒಂದು ಸೀಟು ಖಾಲಿ ಇದೆ. ಮಗನ ಸ್ಪೋರ್ಟ್ಸ್ ಕಾರಿಗಿಂತ ನಮ್ಮದು ಆ ಮಟ್ಟಿಗೆ ದೊಡ್ಡದು. ಸೈನಿಕರ ಹೆಂಡತಿ ಎರಡು ಸಲ ಬಂದಳು. ಮೂರನೆಯ ಸಲ ಡ್ರೈವಿಂಗ್ ಶಾಲೆಯ ಫೀಸು ಎಷ್ಟು ಎಂದು ಕೇಳಿದಳು.